ಫೋಟೋದ ಅಂಚಿನ ಕೆಳಗೆ

ಡಬ್ಬಿ ತೆರೆದಾಗ ಮೊದಲು ಬಂದದ್ದು ಡಾಂಬರು ಗುಳಿಗೆಯ ವಾಸನೆ. ಅದರ ಹಿಂದೆಯೇ ಮುಗ್ಗಲು ಹಿಡಿದ ಪ್ಲಾಸ್ಟಿಕ್ಕಿನ ವಾಸನೆ. ಕ್ಯಾಸೆಟ್ಟಿನ ಸಣ್ಣ ಗಾಜಿನ ಕಿಂಡಿಯಲ್ಲಿ ನೋಡಿದರೆ ಸುತ್ತಿದ ಟೇಪಿನ ಅಂಚಿಗೆ ಬಿಳಿಯ ಬೂದಿಯಂಥದು ಅಂಟಿಕೊಂಡಿತ್ತು. ಡಬ್ಬಿಯ ಬೆನ್ನಿಗೆ ಅಂಟಿಸಿದ ಕಾಗದದ ಮೇಲೆ ನೀಲಿ ಶಾಯಿಯಲ್ಲಿ ಒಂದೇ ಪದ ಬರೆದಿತ್ತು: ‘ನಂದು’. ಆ ಅಕ್ಷರ ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ತಂದುಕೊಟ್ಟವಳು ಹಿಂದೆ ನನ್ನ ಪಕ್ಕದ ಮನೆಯಲ್ಲಿದ್ದ ವೈನಿಯ ಮಗಳು. ಕೊಪ್ಪಳದಲ್ಲಿ ನರ್ಸ್ ಆಗಿದ್ದಾಳೆ. ಯಲಬುರ್ಗಾದ ನನ್ನ ಮನೆಗೆ ಬಸ್ಸಿನಲ್ಲಿ ಬಂದಿದ್ದಳು. ಚಹಾ ಕುಡಿದು, ಚೀಲದಿಂದ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟಳು. “ಅವ್ವನ ಟ್ರಂಕಿನ್ಯಾಗ ಸಿಕ್ತು, ಅಕ್ಕಾರ. ನಾ ಇದನ್ನ ಒಮ್ಮೆನೂ ನೋಡಿಲ್ಲ. ನೀವಿದ್ರಂತಲ್ಲ ಆವತ್ತ” ಎಂದಳು. ಅವಳ ಅವ್ವ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು.

ಹೌದು, ನಾನಿದ್ದೆ. ಅದನ್ನು ಬರೆಯಲು ಇಷ್ಟು ವರ್ಷ ತೆಗೆದುಕೊಂಡಿದ್ದೇನೆ.

ಕೊಪ್ಪಳ ಆಗಷ್ಟೇ ಬೇರೆ ಜಿಲ್ಲೆಯಾಗಿತ್ತು. ಸಾಲಿಯ, ಅಂದರೆ ಶಾಲೆಯ, ಹಳೆಯ ಕಾಗದಗಳ ಮೇಲೆ ಅಚ್ಚಾಗಿದ್ದ ‘ರಾಯಚೂರು’ ಎಂಬುದಕ್ಕೆ ಗೆರೆ ಎಳೆದು ಮೇಲೆ ‘ಕೊಪ್ಪಳ’ ಎಂದು ಕೈಯಲ್ಲಿ ಬರೆಯುತ್ತಿದ್ದ ಕಾಲ. ನಾನು ಕುಷ್ಟಗಿಯ ಒಂದು ಹೈಸ್ಕೂಲಿಗೆ ಶಿಕ್ಷಕಿಯಾಗಿ ಹೊಸದಾಗಿ ಬಂದಿದ್ದೆ. ಆ ಕಡೆ ಶಿಕ್ಷಕಿಯನ್ನು ‘ಅಕ್ಕಾರ’ ಎನ್ನುತ್ತಾರೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬಾಡಿಗೆಗೆ ಸಿಕ್ಕ ಕೋಣೆಯ ಪಕ್ಕದ ಮನೆ ಅವರದು. ಓಣಿಯಲ್ಲಿ ಎಲ್ಲರೂ ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಆದರೆ ನಡೆ-ನುಡಿಯಲ್ಲಿ ಹತ್ತು ವರ್ಷದ ಅಂತರ ಇದ್ದಂತೆ ಕಾಣುತ್ತಿತ್ತು.

ಅವರ ಯಜಮಾನರಿಗೆ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ವಿಡಿಯೋ ಅಂಗಡಿ ಇತ್ತಂತೆ. ನಾನು ಬರುವುದಕ್ಕೆ ಮೂರು ವರ್ಷ ಮೊದಲೇ ಕಾಮಾಲೆಯಾಗಿ ತೀರಿಕೊಂಡಿದ್ದರು. ಅಂಗಡಿ ಮುಚ್ಚಿತು. ಕ್ಯಾಮರಾ ಮಾತ್ರ ಮನೆಗೆ ಬಂತು. ಹೆಗಲ ಮೇಲೆ ಹೊರುವ, ಒಳಗೆ ಇಡೀ ಕ್ಯಾಸೆಟ್ ಹಿಡಿಸುವ ದೊಡ್ಡ ಕ್ಯಾಮರಾ. ಅದನ್ನು ಮಾರಿಬಿಡು ಎಂದು ಎಲ್ಲರೂ ಹೇಳಿದರಂತೆ. ವೈನಿ ಅದನ್ನು ಒರೆಸಿ, ಎತ್ತಿ, ಹೆಗಲ ಮೇಲೆ ಇಟ್ಟುಕೊಂಡರು. ಗಂಡ ಇದ್ದಾಗ ಬ್ಯಾಟರಿ ಹಾಕಿ ತೆಗೆದು ಮಾಡುತ್ತಲೇ ಅರ್ಧ ಕಲಿತಿದ್ದರು, ಉಳಿದರ್ಧ ತಾವೇ ಕಲಿತರು.

ಕುಷ್ಟಗಿಯಿಂದ ಹುಲಿಹೈದರದವರೆಗೂ ಮದುವೆಗಳಿಗೆ ಅವರನ್ನು ಕರೆಯುತ್ತಿದ್ದರು. ಅರಿಶಿಣ ಹಚ್ಚುವಾಗ, ಮದುಮಗಳಿಗೆ ನೀರು ಹಾಕುವಾಗ ಗಂಡಸು ಕ್ಯಾಮರಾದವನು ಅಂಗಳದಲ್ಲಿ ನಿಲ್ಲಬೇಕಿತ್ತು. ವೈನಿ ಒಳಗೆ ಹೋಗುತ್ತಿದ್ದರು. ಹೆಂಗಸರು ಅವರ ಕ್ಯಾಮರಾದ ಮುಂದೆ ಸೆರಗು ಎಳೆದುಕೊಳ್ಳುತ್ತಿರಲಿಲ್ಲ, ಬಾಯ್ತುಂಬ ಮಾತಾಡುತ್ತಿದ್ದರು. “ವೈನಿ, ನನ್ನ ಮೂಗು ಒಂಚೂರು ಸಣ್ಣದಾಗಿ ತಗೀಯವ್ವ” ಎಂದು ಯಾರೋ ಅಂದರೆ, “ನನ್ನ ಕಡೆ ಇದ್ದಷ್ಟ ಬರ್ತೈತಿ. ಸಣ್ಣದ ಬೇಕಂದ್ರ ಗಂಗಾವತಿಗೆ ಹೋಗು” ಎನ್ನುತ್ತಿದ್ದರು. ಹೂವು ಉದುರಿಸುವುದು, ಹೃದಯದ ಆಕಾರದೊಳಗೆ ಗಂಡು-ಹೆಣ್ಣಿನ ಮುಖ ಕೂರಿಸುವುದು ಇಂಥ ಮಿಕ್ಸಿಂಗ್ ಕೆಲಸವೆಲ್ಲ ಗಂಗಾವತಿಯ ಅಂಗಡಿಯಲ್ಲಿ ಆಗುತ್ತಿತ್ತು. ಕತ್ತರಿಸಿ ಜೋಡಿಸುವ ಸಾದಾ ಕೆಲಸವನ್ನು ವೈನಿ ಮನೆಯಲ್ಲೇ ಎರಡು ವಿ.ಸಿ.ಆರ್. ಇಟ್ಟು ಮಾಡುತ್ತಿದ್ದರು. ಒಂದರಲ್ಲಿ ಓಡಿಸುವುದು, ಇನ್ನೊಂದರಲ್ಲಿ ಬೇಕಾದಷ್ಟನ್ನೇ ಹಿಡಿಯುವುದು. ಕರೆಂಟು ಇದ್ದ ಹೊತ್ತಿನಲ್ಲಿ ಗೋಡೆಯಾಚೆಯಿಂದ ಆ ಗುಂಡಿಗಳ ಟಕ್ ಟಕ್ ಸದ್ದು ನನ್ನ ಕೋಣೆಗೆ ಕೇಳುತ್ತಿತ್ತು.

ಅವರ ಮಗಳು ನನ್ನ ತರಗತಿಯಲ್ಲೇ ಇದ್ದಳು. ಒಂಬತ್ತನೇ ಕ್ಲಾಸು. ಎರಡನೇ ಸಾಲಿನಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದಳು. ಆ ವರ್ಷ ದೀಪಾವಳಿ ರಜೆಯಾದ ಮೇಲೆ ಅವಳು ತಲೆ ಎತ್ತಿ ಕೂರುವುದನ್ನು ಬಿಟ್ಟಳು. ಮೊದಲು ಕೈ ಎತ್ತುತ್ತಿದ್ದ ಹುಡುಗಿ, ಕರೆದು ಕೇಳಿದರೂ ಬೆಂಚನ್ನೇ ನೋಡಿ ಉತ್ತರ ಹೇಳುತ್ತಿದ್ದಳು. ನಾನದನ್ನು ಗಮನಿಸಿದೆ, ಆದರೆ ಏನೆಂದು ಕೇಳಲಿಲ್ಲ. ನಾನು ಕೇಳಲಿಲ್ಲ ಎಂಬುದನ್ನೂ ಇಲ್ಲಿ ಬರೆದಿಡಬೇಕು.

ಒಂದು ಸಂಜೆ ವೈನಿ ನನ್ನ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತರು.

“ಅಕ್ಕಾರ, ಮಗಳ ಮದುವಿ ಮಾಡ್ತಾರಂತ.”

“ಯಾರು?”

“ನಮ್ಮ ಭಾವಾರು. ಮೊನ್ನೆ ಅವರ ಮಗನ ಮದುವಿ ಆತಲ್ರಿ, ಆ ಸೊಸಿ ಅಣ್ಣನಿಗೆ. ಮುಂದಿನ ಐತವಾರ ಮದುವಿ ಕ್ಯಾಸೆಟ್ ಹಾಕ್ತಾರ. ಬೀಗರು ಬರ್ತಾರ. ಊಟ ಆದ ಮ್ಯಾಲ ಸಕ್ಕರಿ ಹಂಚೂದಂತ. ನನ್ನ ಕೇಳಿಲ್ರಿ. ನನಗ ಹೇಳ್ಯಾರ.”

ಸಕ್ಕರೆ ಹಂಚಿದರೆ ಮಾತು ಗಟ್ಟಿಯಾದಂತೆ. ಆಮೇಲೆ ಹೆಣ್ಣಿನ ಕಡೆಯವರು ಹಿಂದೆ ಸರಿಯುವುದು ಆ ಕಡೆ ನಡೆಯದ ಮಾತು. ಇದು ನನಗೂ ಗೊತ್ತಿತ್ತು. ಹುಡುಗಿಗೆ ಹದಿನೆಂಟು ತುಂಬಿದೆ ಎಂದು ಅವಳ ದೊಡ್ಡಪ್ಪ, ಅಂದರೆ ವೈನಿಯ ಭಾವ, ಬೀಗರಿಗೆ ಹೇಳಿದ್ದರಂತೆ. ನನ್ನ ಹಾಜರಿ ಪುಸ್ತಕದ ಪ್ರಕಾರ ಅವಳಿಗೆ ಹದಿನಾಲ್ಕು.

ಮರುದಿನ ನಾನು ಮುಖ್ಯಗುರುಗಳಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟು, “ಮನಿತನದ ಮಾತು ಐತಿ ಅದು. ನೀವು ಇನ್ನಾ ಕಾಯಂ ಆಗಿಲ್ಲ. ಸುಮ್ನ ಯಾಕ್ರಿ?” ಎಂದರು. ಅದರಲ್ಲಿ ಬೆದರಿಕೆ ಇರಲಿಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದಂತಿತ್ತು... ಅದಕ್ಕೇ ಅದು ಅಷ್ಟು ಸುಲಭವಾಗಿ ನನ್ನೊಳಗೆ ಇಳಿಯಿತು.

ವೈನಿ ಅಳಲಿಲ್ಲ. ಭಾವನ ಮನೆಗೆ ಹೋಗಿ ಜಗಳವಾಡಲಿಲ್ಲ. ಎರಡು ದಿನ ಅವರ ಮನೆಯಿಂದ ಸದ್ದೇ ಬರಲಿಲ್ಲ. ಮೂರನೆಯ ದಿನ ನನ್ನನ್ನು ಕರೆದು ಹೇಳಿದರು:

“ಬಾಯಿಲೇ ಹೇಳಾಕ ಹೋದ್ರ ನಡಕ ಬಾಯಿ ಹಾಕ್ತಾರ. ನಾ ಒಂದ ಮಾತು ಮುಗಸೂದ್ರಾಗ ಅವರದು ಹತ್ತು ಆಗಿರ್ತಾವ. ಆದ್ರ ಟಿ.ವಿ. ಮುಂದ ಯಾರೂ ನಡಕ ಬಾಯಿ ಹಾಕಂಗಿಲ್ಲ ನೋಡ್ರಿ. ಹೌದಲ್ಲ?”

ಹೌದು. ಮದುವೆಯ ಕ್ಯಾಸೆಟ್ ಹಾಕುವುದು ಆಗ ಮದುವೆಯಷ್ಟೇ ದೊಡ್ಡ ದಿನವಾಗಿತ್ತು. ಎರಡೂ ಕಡೆಯವರು ಗಂಡಿನ ಮನೆಯಲ್ಲಿ ಸೇರುತ್ತಿದ್ದರು. ಹುಗ್ಗಿ ಮಾಡುತ್ತಿದ್ದರು. ಕ್ಯಾಸೆಟ್ ಕೊನೆಯಲ್ಲಿ ಗಂಡು-ಹೆಣ್ಣಿನ ಹೆಸರು ಬರೆದ ಚೀಟಿ ಬರುವವರೆಗೆ ಯಾರಿಗೂ ಊಟಕ್ಕೆ ಬಡಿಸುತ್ತಿರಲಿಲ್ಲ. ನಡುವೆ ಎದ್ದು ಹೋಗುವುದೆಂದರೆ ಆ ಮದುವೆಗೆ ಅವಮಾನ ಮಾಡಿದಂತೆ. ಎರಡೂವರೆ ತಾಸು ಎಲ್ಲರೂ ಕೂರಲೇಬೇಕು.

“ಆ ಕ್ಯಾಸೆಟ್ ತಗದಾಕಿ ನಾನ. ಜೋಡಸಾಕಿ ನಾನ. ನಡಕ ನಂದೊಂದು ಹನ್ನೊಂದು ಮಿನಿಟು ಇಡ್ತೀನಿ” ಎಂದರು.

“ನಿಮ್ಮದು ಅಂದ್ರ ಏನ್ರಿ ವೈನಿ?”

“ನಂದು ಅಂದ್ರ ನಂದು. ನನ್ನ ಮದುವಿ. ನನ್ನ ಬಾಳೇವು. ಎಲ್ಲಾರದೂ ತಗದೀನಿ. ನಂದ ಒಂದೂ ಇಲ್ಲ.”

ಮೊದಲು ಅವರು ಮಾಡಿದ್ದು ತಮ್ಮನ್ನು ತಾವು ಹುಡುಕುವ ಕೆಲಸ. ಮನೆಯಲ್ಲಿದ್ದ ಹಳೆಯ ಕ್ಯಾಸೆಟ್‌ಗಳನ್ನೆಲ್ಲ ಹಾಕಿ ನೋಡಿದರು. ಬೇರೆಯವರ ಮದುವೆಗಳಲ್ಲಿ ತಾವು ಎಲ್ಲೆಲ್ಲಿ ಬಂದಿದ್ದೇವೆ ಎಂದು. ಮದುಮಗನ ಮುಂದೆ ಹಿಡಿದ ಕನ್ನಡಿಯಲ್ಲಿ ಒಂದು ಕ್ಷಣ ಅವರ ಹೆಗಲು, ಹೆಗಲ ಮೇಲಿನ ಕ್ಯಾಮರಾ. ತಾಮ್ರದ ಕೊಡದ ಹೊಟ್ಟೆಯಲ್ಲಿ ಸೊಟ್ಟಗೆ ಬಿದ್ದ ಅವರ ಸೀರೆ. ಸುಣ್ಣದ ಗೋಡೆಯ ಮೇಲೆ ನೆರಳು. ಒಂದೊಂದನ್ನೂ ಹಿಡಿದು ಸಾಲಾಗಿ ಜೋಡಿಸಿದರು. ಎಲ್ಲ ಸೇರಿ ಒಂದು ಮಿನಿಟು ಆಯಿತು. “ಇಷ್ಟ ನಾನು. ಮೂರು ವರ್ಷದಾಗ” ಎಂದು ನಕ್ಕರು.

ಶುಕ್ರವಾರ ಸಾಲಿಗೆ ರಜೆ ಇತ್ತು. ನನ್ನನ್ನು ಕರೆದುಕೊಂಡು ತವರೂರಿಗೆ ಹೋದರು. ಮರಳಿ ಎಂಬ ಹಳ್ಳಿ, ಗಂಗಾವತಿಯ ಹತ್ತಿರ. ಬಸ್ಸು ಕುಷ್ಟಗಿಯ ಜೋಳದ ಹೊಲಗಳನ್ನು ಬಿಟ್ಟು ಕಾಲುವೆಯ ನೀರಾವರಿಗೆ ಇಳಿದಾಗ ಕಿಟಕಿಯ ಹೊರಗಿನ ಬಣ್ಣವೇ ಬದಲಾಯಿತು. ವೈನಿ ಗದ್ದೆಗಳನ್ನು ಕ್ಯಾಮರಾದಲ್ಲಿ ತೆಗೆಯಲಿಲ್ಲ. “ಚಂದ ಕಾಣ್ತಾವ. ಇವತ್ತ ಚಂದ ಬ್ಯಾಡ” ಎಂದರು. ತಾವು ಓದಿದ ಸಾಲಿಯ ಪಡಸಾಲೆ ತೆಗೆದರು. ನಾಲ್ಕನೇ ಕ್ಲಾಸಿನವರು ಕೂರುತ್ತಿದ್ದ ಜಾಗದಲ್ಲಿ ಕ್ಯಾಮರಾವನ್ನು ನೆಲಕ್ಕೆ ಇಟ್ಟು, ಅಲ್ಲಿಂದ ಗೇಟು ಎಷ್ಟು ದೂರ ಕಾಣುತ್ತದೆಂದು ತೋರಿಸಿದರು. ಅವರು ಸಾಲಿ ಬಿಟ್ಟದ್ದು ಆ ವರ್ಷ.

ಅಲ್ಲಿ ಒಬ್ಬ ಮುದುಕಿ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವಳು ಕೂಗಿ ಕೇಳಿದಳು: “ಯಾರವ್ವಾ ನೀ? ನಮ್ಮ ಕುಷ್ಟಗಿಗೆ ಕೊಟ್ಟ ಹುಡುಗಿ ಅಲ್ಲೇನು? ಸಿನಿಮಾದಾಕಿ ಆಗೀಯೇನು?”

“ಹೌದಬೇ. ಹೀರೋಯಿನ್ನು ನಾನ, ಕ್ಯಾಮರಾ ನಂದ.”

“ಹಂಗಾರ ನನ್ನೂ ಒಂದಿಟು ತಗಿ. ಹಲ್ಲು ಇಲ್ಲ, ಬಾಯಿ ಮುಚ್ಚಕೋತೀನಿ.”

ವೈನಿ ತೆಗೆದರು. ಆ ಮುದುಕಿ ಬಾಯಿ ಮುಚ್ಚಿಕೊಂಡು ಕೂತಳು. ಆಮೇಲೆ ಬಾಯಿ ಬಿಟ್ಟು, ಯಾರೂ ಕೇಳದೆಯೇ ಹೇಳಿದಳು: “ಇಷ್ಟ ಇದ್ಲು ಮದುವ್ಯಾಗ.” ಹೇಳುತ್ತ ತನ್ನ ಕೈಯನ್ನು ಕಟ್ಟೆಯ ಮಟ್ಟಕ್ಕೆ ಹಿಡಿದು ತೋರಿಸಿದಳು. ವೈನಿಯ ಕೈ ಗುಂಡಿಯ ಮೇಲಿತ್ತು. ನಿಲ್ಲಿಸಲಿಲ್ಲ. ಮುದುಕಿಯ ಕೈ ಕೆಳಗಿಳಿಯುವವರೆಗೆ ತೆಗೆದರು.

ಮಗಳನ್ನು ಮಾತ್ರ ಅವರು ಒಂದು ಕ್ಷಣವೂ ತೆಗೆಯಲಿಲ್ಲ. ಅವಳು ಅಳುತ್ತ ಒಂದೆರಡು ಮಾತು ಹೇಳಿದರೆ ಬೀಗರ ಮನಸ್ಸು ಕರಗೀತು ಎಂದು ನಾನು ಅಂದೆ. ವೈನಿ, “ಆಕಿನ್ನ ನಾಲ್ಕು ಮಂದಿ ಮುಂದ ನಿಲ್ಲಸೂದು ಬ್ಯಾಡ ಅಂತ ಇದನ್ನ ಮಾಡಾಕತ್ತೀನಿ” ಎಂದರು.

ಅವರ ಮದುವೆಯದು ಒಂದೇ ಒಂದು ಫೋಟೋ ಇತ್ತು. ಕಪ್ಪು-ಬಿಳುಪಿನದು, ಕಟ್ಟು ಹಾಕಿಸಿದ್ದು. ಗಂಡು-ಹೆಣ್ಣು ಪಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಹೆಗಲೂ ಒಂದೇ ಮಟ್ಟ. ಫೋಟೋ ಸೊಂಟಕ್ಕೆ ಮುಗಿಯುತ್ತದೆ. ಅದನ್ನು ನೋಡಿದ ಯಾರೂ ಆ ಹೆಣ್ಣಿಗೆ ಹನ್ನೆರಡು ವರ್ಷವೆಂದು ಹೇಳುವುದು ಸಾಧ್ಯವಿರಲಿಲ್ಲ.

“ಇದರಾಗ ನಾ ಎತ್ತರ ಕಾಣ್ತೀನಿ ನೋಡ್ರಿ. ಕೆಳಗ ಎರಡು ಮಣಿ ಅದಾವ. ಒಂದರ ಮ್ಯಾಲ ಒಂದು. ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ ಅವರ ಕೊರಳಿಗೆ ನನ್ನ ಹಾರ ಮುಟ್ಟಲಿಲ್ಲ. ಅದಕ್ಕ ನಿಲ್ಲಿಸಿದ್ರು” ಎಂದರು.

ಆ ಫೋಟೋವನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಸರಿಯಾಗಿ ಅದರ ಕೆಳಗೆ, ನೆಲದ ಮೇಲೆ, ಎರಡು ಮಣೆಗಳನ್ನು ಒಂದರ ಮೇಲೊಂದು ಇಟ್ಟರು. ಕ್ಯಾಮರಾವನ್ನು ನನ್ನ ಹೆಗಲ ಮೇಲೆ ಇಟ್ಟರು. ಮುಖಗಳಿಂದ ಶುರುಮಾಡಿ, ನಿಧಾನಕ್ಕೆ ಕೆಳಗಿಳಿದು, ಫೋಟೋದ ಅಂಚನ್ನು ದಾಟಿ, ಗೋಡೆಯ ಮೇಲಿಂದ, ಆ ಖಾಲಿ ಮಣೆಗಳ ಮೇಲೆ ನಿಲ್ಲಬೇಕು. ಎಲ್ಲೂ ಕಡಿಯಬಾರದು.

ಮೊದಲನೆಯ ಸಲ ಬೇಗ ಇಳಿದೆ. ಎರಡನೆಯ ಸಲ ಅಂಚು ದಾಟುವಾಗ ಕೈ ನಡುಗಿತು. ಮೂರನೆಯ ಸಲವೂ ನಡುಗಿತು. ವೈನಿ ಹಿಂದಿನಿಂದ ಬಂದು ನನ್ನ ಬೆನ್ನ ಮೇಲೆ ಅಂಗೈ ಇಟ್ಟರು. “ಉಸರು ಹಿಡೀಬ್ಯಾಡ್ರಿ ಅಕ್ಕಾರ. ಹಿಡದ್ರ ನಡಗತೈತಿ. ಉಸರು ಬಿಟಗೋತ ಇಳೀರಿ” ಎಂದರು. ನಾಲ್ಕನೆಯ ಸಲ ಉಸಿರು ಬಿಡುತ್ತ ಇಳಿದೆ. ಆ ಅಂಗೈ ನನ್ನ ಬೆನ್ನ ಮೇಲೆ ಕೊನೆಯವರೆಗೂ ಇತ್ತು.

ಆಮೇಲೆ ಅವರು ಕ್ಯಾಮರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ತಾವೇ ಅದರ ಮುಂದೆ ಕೂತು ಮಾತಾಡಿದರು. ಸೆರಗು ಸರಿಮಾಡಿಕೊಂಡು, ಯಾರಿಗೋ ವಿಳಾಸ ಹೇಳುವವರಂತೆ ಹೇಳಿದರು. ಗಂಡನನ್ನು ಬೈಯಲಿಲ್ಲ. “ಅವರು ಛಲೋ ಇದ್ರು. ಅದು ಬ್ಯಾರೆ ಮಾತು” ಎಂದರು. ಮೊದಲ ಕೂಸಿನ ಮಾತು ಹೇಳಿದರು. “ಅದು ಎರಡು ದಿನ ಇತ್ತು. ಡಾಕ್ಟರು ಅಂದ್ರು, ತಾಯೇ ಇನ್ನಾ ಕೂಸೈತಿ, ಈ ಕೂಸು ಹೆಂಗ ಉಳೀಬೇಕು ಅಂತ. ಆಗ ನನಗ ಹದಿನಾಲ್ಕು.” ಅಲ್ಲಿಗೆ ನಿಲ್ಲಿಸಿದರು. ಕಣ್ಣು ಒರೆಸಿಕೊಳ್ಳಲಿಲ್ಲ.

ಅದಾದ ಮೇಲೆ ಅವರು ನನ್ನ ಕಡೆ ತಿರುಗಿದರು.

“ಈಗ ನೀವೊಂದ ಮಾತು ಹೇಳ್ರಿ, ಅಕ್ಕಾರ. ಸಾಲಿ ರಜಿಸ್ಟರಿನ್ಯಾಗ ಆಕಿ ಹುಟ್ಟಿದ ತಾರೀಖು ಏನೈತಿ, ಅಷ್ಟ. ಬ್ಯಾರೆ ಏನೂ ಬ್ಯಾಡ. ನಾ ಹೇಳಿದ್ರ ತಾಯಿ ಸಂಕಟ ಅಂತಾರ. ನೀವು ಹೇಳಿದ್ರ ಲೆಕ್ಕಕ್ಕ ಬರ್ತೈತಿ.”

ನನಗೆ ಆ ತಾರೀಖು ಬಾಯಿಪಾಠವಿತ್ತು. ಮುಖ್ಯಗುರುಗಳ ಕನ್ನಡಕ ಟೇಬಲ್ಲಿನ ಮೇಲೆ ಕೂತ ಸದ್ದೂ ನೆನಪಾಯಿತು. “ನಾನು ಕ್ಯಾಮರಾ ಹಿಡೀತೀನಿ ವೈನಿ. ಅದ ಮಾಡ್ತೀನಿ” ಎಂದೆ.

ಅವರು ನನ್ನನ್ನು ಬೈಯಬಹುದಿತ್ತು. “ಆತು ಬಿಡ್ರಿ. ಹಿಡಿಯೋರೂ ಬೇಕಲ್ಲ” ಎಂದರು. ಮರುದಿನ ಬೆಳಿಗ್ಗೆ ನಾನು ಸಾಲಿಗೆ ಹೊರಟಾಗ ಬಂದು, “ನಿಮ್ಮ ಕುರ್ಚಿ ಒಂದಿಟು ಒಯ್ಯಲೇನ್ರಿ?” ಎಂದು ಕೇಳಿದರು. ನನ್ನ ಕೋಣೆಯಲ್ಲಿದ್ದುದು ಒಂದೇ ಕಬ್ಬಿಣದ ಕುರ್ಚಿ, ಕೂರುವ ಜಾಗಕ್ಕೆ ನೀಲಿ ಪ್ಲಾಸ್ಟಿಕ್ ಪಟ್ಟಿ ಹೆಣೆದದ್ದು. ಒಯ್ಯಿರಿ ಎಂದೆ. ಯಾಕೆಂದು ಕೇಳಲಿಲ್ಲ.

ಭಾನುವಾರ ಮಧ್ಯಾಹ್ನ ಭಾವನ ಮನೆಯ ಪಡಸಾಲೆ ತುಂಬಿತ್ತು. ಬೀಗರು ಕಂಬಳಿಯ ಮೇಲೆ, ಹೆಂಗಸರು ಅಡುಗೆಮನೆಯ ಬಾಗಿಲ ತನಕ. ವೈನಿಯ ಅತ್ತೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಗೋಧಿ ಹುಗ್ಗಿಯ ವಾಸನೆ ಪಡಸಾಲೆಯನ್ನೆಲ್ಲ ತುಂಬಿತ್ತು. ದೇವರ ಜಗಲಿಯ ಮೇಲೆ ಸಕ್ಕರೆಯ ತಾಟು, ಅದರ ಮೇಲೆ ಹಸಿರು ಕುಪ್ಪಸದ ಬಟ್ಟೆ. ನಾನೂ ಒಂದು ಮೂಲೆಯಲ್ಲಿ ಕೂತೆ. ಮಗಳನ್ನು ವೈನಿ ಮನೆಯಲ್ಲೇ ಬಿಟ್ಟು ಬಂದಿದ್ದರು. ವೈನಿ ಕ್ಯಾಸೆಟ್ ಹಾಕಿ ಟಿ.ವಿ.ಯ ಪಕ್ಕದಲ್ಲೇ ನಿಂತರು, ಯಾರಾದರೂ ಬಂದ್ ಮಾಡಲು ಬಂದರೆ ತಮ್ಮನ್ನು ದಾಟಿಯೇ ಬರಬೇಕು ಎಂಬಂತೆ.

ಅರಿಶಿಣ ಆಯಿತು. ನಗು, ಚೇಷ್ಟೆ. “ಏ, ನಮ್ಮ ಕಾಕಾ ನೋಡು, ಹೆಂಗ ಎರಡು ಕೈಲೆ ಉಣ್ಣಾಕತ್ತಾನ” ಎಂದು ಯಾರೋ ಕೂಗಿದರು. ಅಕ್ಕಿಕಾಳು ಬಿದ್ದವು. ಆಮೇಲೆ ಹಾಡು, ಹೂವು, ಹೃದಯದ ಆಕಾರ ಬರಬೇಕಾದಲ್ಲಿ ಕನ್ನಡಿಯೊಳಗಿನ ಒಂದು ಹೆಗಲು ಬಂತು.

ಮೊದಲ ಒಂದೆರಡು ಮಿನಿಟು ಜನರಿಗೆ ತಿಳಿಯಲಿಲ್ಲ. ಮುದುಕಿ ಬಾಯಿ ಮುಚ್ಚಿಕೊಂಡಾಗ ನಕ್ಕರು. ಅವಳು ಕೈ ಹಿಡಿದು ಎತ್ತರ ತೋರಿಸಿದಾಗ ಹಿಂದಿನ ಸಾಲಿನ ಹೆಂಗಸರು ಮುಂದಕ್ಕೆ ಸರಿದು ಕೂತರು.

“ಮದುವಿ ಕ್ಯಾಸೆಟ್ಟಿನ್ಯಾಗ ಇದೇನು ತಂದು ಇಟ್ಟೀದಿ?” ಎಂದರು ಭಾವ.

“ಇದೂ ಮದುವೀನ ಐತ್ರಿ ಭಾವಾರ. ಹೆಸರಿನ ಚೀಟಿ ಇನ್ನಾ ಬಂದಿಲ್ಲ. ಕುಂದರ್ರಿ” ಎಂದರು ವೈನಿ. ದನಿ ಏರಲಿಲ್ಲ. ಬೀಗರ ಮುಂದೆ ಏಳುವಂತಿರಲಿಲ್ಲ, ಭಾವ ಕೂತರು.

ಫೋಟೋ ಬಂತು. ಕ್ಯಾಮರಾ ಅಂಚನ್ನು ದಾಟಿತು. ಖಾಲಿ ಮಣೆಗಳು ಬಂದವು. ಡಾಕ್ಟರ ಮಾತು ಬಂತು. ಅದು ಮುಗಿದ ಮೇಲೆ ತೆರೆಯ ಮೇಲೆ ಒಂದು ಕುರ್ಚಿ ಕಾಣಿಸಿತು. ನೀಲಿ ಪ್ಲಾಸ್ಟಿಕ್ ಪಟ್ಟಿಯದು, ನನ್ನದು. ಅದರಲ್ಲಿ ಯಾರೂ ಇರಲಿಲ್ಲ. ವೈನಿಯ ದನಿ ಮಾತ್ರ ಕೇಳಿಸಿತು: “ಇಲ್ಲಿ ಒಬ್ಬರು ಕುಂತು ನನ್ನ ಮಗಳ ವಯಸ್ಸು ಹೇಳಬೇಕಿತ್ತು. ಅವರು ಕ್ಯಾಮರಾ ಹಿಡಿದಾರ.” ಅರ್ಧ ಮಿನಿಟು ಆ ಕುರ್ಚಿ ಹಾಗೇ ಇತ್ತು.

ಪಡಸಾಲೆಯಲ್ಲಿದ್ದವರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಬೀಗರಲ್ಲಿ ಹಿರಿಯರು, ಬಿಳಿ ಮೀಸೆಯವರು, ನನ್ನನ್ನೇ ಕೇಳಿದರು: “ಅಕ್ಕಾರ, ನೀವ ಅಲ್ಲೇನ್ರಿ ಆ ಹುಡುಗೀಗೆ ಕಲಸಾವ್ರು? ಎಷ್ಟ್ರಿ ಆಕೀಗೆ?”

ನನ್ನ ಕೈಯಲ್ಲಿ ನೀರಿನ ಲೋಟ ಇತ್ತು. ಅದರ ಅಂಚಿನ ಮೇಲೆ ಯಾರದೋ ಹೆಸರು ಕೊರೆದಿತ್ತು. ನಾನು ಆ ಅಕ್ಷರಗಳನ್ನು ಓದುತ್ತಿದ್ದೆ.

ಮಾತಾಡಿದವರು ವೈನಿಯ ಅತ್ತೆ. ಚಾಚಿದ ಕಾಲನ್ನು ಒಳಕ್ಕೆ ಎಳೆದುಕೊಂಡು ಹೇಳಿದರು:

“ಡಾಕ್ಟರು ಅಂದದ್ದು ಖರೇ ಐತಿ. ನಾ ಅಲ್ಲೇ ಮಂಚದ ಬಾಜೂಕ ನಿಂತಿದ್ದೆ. ಆ ಮಣಿ ತಂದು ಇಟ್ಟಾಕಿನೂ ನಾನ. ಈ ಹುಡುಗೀಗೆ ಹದಿನಾಲ್ಕು. ನಾನ ಎರೆದು ಬೆಳಸೀನಿ, ನನಗ ಗೊತ್ತಿಲ್ಲೇನು?” ಎಂದು ಮಗನ ಕಡೆ ತಿರುಗಿದರು. “ಆ ತಾಟು ಒಳಗ ಇಡಪಾ. ಎಲ್ಲಾರೂ ಉಣ್ರಿ. ಹುಗ್ಗಿ ಆರಾಕತ್ತೈತಿ.”

ಬೀಗರು ಉಂಡರು, ಹೋದರು. ಸಕ್ಕರೆಯ ತಾಟು ಒಳಗೆ ಹೋಯಿತು. ಹುಡುಗಿ ಮರುದಿನ ಸಾಲಿಗೆ ಬಂದಳು.

ಆದರೆ ವೈನಿಯ ಕೆಲಸ ಹೋಯಿತು. ಮದುವೆ ಕ್ಯಾಸೆಟ್ಟಿನಲ್ಲಿ ಏನು ಸೇರಿಸುತ್ತಾಳೋ ಎಂದು ಜನ ಅವರನ್ನು ಕರೆಯುವುದನ್ನು ಬಿಟ್ಟರು. ಭಾವ ಮಾತು ಬಿಟ್ಟರು. ಒಂದು ವರ್ಷ ಹೀಗೆ ನಡೆಸಿ, ವೈನಿ ಗಂಗಾವತಿಯ ಒಂದು ಹಾಸ್ಟೆಲ್ಲಿಗೆ ಅಡುಗೆಯವರಾಗಿ ಹೋದರು, ಮಗಳನ್ನು ಕರೆದುಕೊಂಡು. ಹೋಗುವಾಗ, ನಾನು ಮರಳಿ ಕೇಳದೆ ಅವರಲ್ಲೇ ಬಿಟ್ಟಿದ್ದ ನನ್ನ ಕುರ್ಚಿಯನ್ನು ಒರೆಸಿ ತಂದಿಟ್ಟರು. ಅದರ ಮೇಲೆ ಕೂತು ನಾನು ಎಷ್ಟೋ ದಿನ ಪರೀಕ್ಷೆಯ ಪೇಪರು ತಿದ್ದಲು ಆಗಲಿಲ್ಲ, ನೆಲದ ಮೇಲೆ ಕೂತು ತಿದ್ದಿದೆ. ನನ್ನ ನೌಕರಿ ಕಾಯಂ ಆಯಿತು.

ಅವರನ್ನು ಮತ್ತೆ ಕಂಡದ್ದು ಒಮ್ಮೆ ಮಾತ್ರ, ಕುಷ್ಟಗಿಯ ಬಸ್‌ಸ್ಟ್ಯಾಂಡಿನಲ್ಲಿ. ಆಗಲೇ ಆರೇಳು ವರ್ಷ ಕಳೆದಿದ್ದವು. ನಾನು ಯಲಬುರ್ಗಾದ ಬಸ್ಸಿಗೆ, ಅವರು ಗಂಗಾವತಿಯ ಬಸ್ಸಿಗೆ ಕಾಯುತ್ತಿದ್ದೆವು. ಮಗಳು ನರ್ಸಿಂಗ್ ಓದುತ್ತಿದ್ದಾಳೆ ಎಂದರು. ನಾನು ಕೊನೆಗೂ ಕೇಳಿದೆ, ಆ ಕುರ್ಚಿ ಇಟ್ಟು ಎಲ್ಲರ ಮುಂದೆ ನನ್ನನ್ನು ಬೈದಿರಾ ಎಂದು.

“ಬೈದದ್ದಲ್ರೀ ಅಕ್ಕಾರ” ಎಂದರು, ನಿಜಕ್ಕೂ ಆಶ್ಚರ್ಯಪಟ್ಟು. “ಜಾಗ ಇಟ್ಟಿದ್ದೆ. ನೀವು ಅಲ್ಲಿ ಎದ್ದು ಹೇಳಬೌದಿತ್ತಲ್ಲ. ಅದಕ್ಕ ಅರ್ಧ ಮಿನಿಟು ಬಿಟ್ಟಿದ್ದೆ.”

ಅವರ ಬಸ್ಸು ಮೊದಲು ಬಂತು.

ಮೂರು ವರ್ಷದ ಹಿಂದೆ ಗಂಗಾವತಿಯಲ್ಲಿ ಶಿಕ್ಷಕರಿಗಾಗಿ ಸಿನಿಮಾದ ಬಗ್ಗೆ ಎರಡು ದಿನದ ಶಿಬಿರ ನಡೆಯಿತು. ಊರ ಹೊರಗಿನಿಂದ ಬಂದ ಒಬ್ಬರು ಆತ್ಮಕಥೆಯ ಸಿನಿಮಾಗಳ ಬಗ್ಗೆ ಮಾತಾಡಿದರು. ದಿನಚರಿಯಂತೆ ತೆಗೆಯುವವರಿದ್ದಾರೆ, ಯಾರಿಗೋ ಪತ್ರ ಬರೆದಂತೆ ತೆಗೆಯುವವರಿದ್ದಾರೆ. ಕೆಲವರು ಹಳೆಯದನ್ನು ಮತ್ತೆ ನಡೆಸಿ ತೋರಿಸುತ್ತಾರೆ, ಕೆಲವರು ಬೇರೆ ಯಾವುದಕ್ಕೋ ತೆಗೆದ ಚಿತ್ರಗಳಲ್ಲಿ ತಮ್ಮನ್ನು ಹೆಕ್ಕಿ ಜೋಡಿಸುತ್ತಾರೆ, ಕೆಲವರು ಸುಮ್ಮನೆ ಕ್ಯಾಮರಾದ ಮುಂದೆ ಕೂತು ಹೇಳುತ್ತಾರೆ. ನಾನು ಪಟ್ಟಿ ಬರೆದುಕೊಳ್ಳುತ್ತಿದ್ದೆ. ಬರೆಯುತ್ತ ಬರೆಯುತ್ತ ಪಕ್ಕದಲ್ಲಿ ಸಣ್ಣಗೆ ಇನ್ನೊಂದು ಪಟ್ಟಿ ಬೆಳೆಯಿತು: ಕನ್ನಡಿಯ ಹೆಗಲು, ಕಟ್ಟೆಯ ಮುದುಕಿ, ಮಣೆ, ಭಾವನಿಗೆ ಬರೆದ ಪತ್ರದಂಥ ಆ ಮಾತು. ಈ ಹೆಸರುಗಳಲ್ಲಿ ಒಂದನ್ನೂ ಕೇಳದ ವೈನಿ ಎಲ್ಲವನ್ನೂ ಹನ್ನೊಂದು ಮಿನಿಟಿನಲ್ಲಿ ಮಾಡಿ ಮುಗಿಸಿದ್ದರು. ಅವರಿಗೆ ಭಾನುವಾರದೊಳಗೆ ಬೇಕಿತ್ತು, ಅಷ್ಟೇ.

ನಾನು ಎದ್ದು ಒಂದು ಪ್ರಶ್ನೆ ಕೇಳಿದೆ. ಒಬ್ಬರ ಆತ್ಮಕಥೆಗೆ ಇನ್ನೊಬ್ಬರು ಕ್ಯಾಮರಾ ಹಿಡಿದರೆ ಅವರು ಏನಾಗುತ್ತಾರೆ? “ಸಾಕ್ಷಿ” ಎಂದರು ಅವರು. ನಾನು ಕೂತೆ. ಕ್ಯಾಮರಾ ಹಿಡಿದದ್ದಕ್ಕೆ ಆ ಹೆಸರು ಸಲ್ಲುತ್ತದೆಂದು ನನಗೆ ಅನ್ನಿಸಲಿಲ್ಲ.

ವೈನಿ ತಮ್ಮ ಹನ್ನೊಂದು ಮಿನಿಟನ್ನಷ್ಟೇ ಬೇರೆಯಾಗಿ ಹಿಡಿದಿಟ್ಟಿದ್ದ ಆ ಕ್ಯಾಸೆಟ್ಟನ್ನು ಕೊಪ್ಪಳದ ಒಂದು ಅಂಗಡಿಗೆ ಕೊಟ್ಟೆವು. ಅವನು ಬಿಚ್ಚಿ, ಸ್ಪಿರಿಟ್ ಹಚ್ಚಿ, ಅಂಗುಲ ಅಂಗುಲ ಒರೆಸಿದ. ವಾರದ ಮೇಲೆ ಫೋನ್ ಮಾಡಿ, “ಮೇಡಂ, ಚಿತ್ರ ಭಾಳ ಹೋಗೇತಿ. ದನಿ ಐತ್ರಿ” ಎಂದ. ಪೆನ್‌ಡ್ರೈವಿಗೆ ಹಾಕಿ ಕೊಟ್ಟ.

ವೈನಿಯ ಮಗಳೂ ನಾನೂ ನನ್ನ ಮನೆಯಲ್ಲಿ ಕೂತು ನೋಡಿದೆವು. ಕನ್ನಡಿಯ ಹೆಗಲು ಇದೆ. ಮುದುಕಿಯ ಕೈ ಇದೆ, ಮುಖವಿಲ್ಲ. ಫೋಟೋದ ಅಂಚಿನವರೆಗೆ ಕ್ಯಾಮರಾ ಇಳಿಯುತ್ತದೆ. ಅಲ್ಲಿಂದ ಆಚೆ ಬರೀ ಬಿಳಿಯ ಮಿಣುಕು. ಮಣೆಗಳು ಹೋಗಿವೆ. ವೈನಿಯ ಮುಖ ಹೋಗಿದೆ. ಆ ಮಿಣುಕಿನೊಳಗಿಂದ ಅವರ ದನಿ ಮಾತ್ರ ಸ್ಪಷ್ಟವಾಗಿ ಬರುತ್ತದೆ. ತನಗಿಂತ ಮೊದಲು ಹುಟ್ಟಿ ಎರಡು ದಿನ ಇದ್ದ ಕೂಸಿನ ಮಾತನ್ನು ಮಗಳು ತಾಯಿಯ ಬಾಯಿಂದ ಮೊದಲ ಸಲ ಕೇಳಿದಳು. ಟಿ.ವಿ.ಗೆ ಇನ್ನಷ್ಟು ಹತ್ತಿರ ಸರಿದು ಕೂತಳು. “ಅವರು ಕ್ಯಾಮರಾ ಹಿಡಿದಾರ” ಎಂಬುದೂ ಬಂತು. ಅದರ ಮೇಲೆ ಅರ್ಧ ಮಿನಿಟಿನ ಮೌನ. ಕುರ್ಚಿ ಕಾಣುವುದಿಲ್ಲ. ಟೇಪಿನ ಸುಸ್ಸೆನ್ನುವ ಸದ್ದು, ದೂರದಲ್ಲಿ ಎಲ್ಲೋ ಸಾಲಿಯ ಗಂಟೆ... ಆ ಗಂಟೆ ನನ್ನ ಸಾಲಿಯದು. ಆ ಹೊತ್ತಿಗೆ ನಾನು ಅಲ್ಲಿ ಪಾಠ ಮಾಡುತ್ತಿದ್ದಿರಬೇಕು.

ನಾನು ಒಳಗೆ ಹೋಗಿ ಒಂದು ಕುರ್ಚಿ ತಂದೆ. ಇದು ಆ ಹಳೆಯ ಕುರ್ಚಿಯಲ್ಲ, ಅದು ಯಾವತ್ತೋ ತುಕ್ಕು ಹಿಡಿದು ಗುಜರಿಗೆ ಹೋಯಿತು. ಕಿಟಕಿಯ ಬೆಳಕಿಗೆ ಇದನ್ನು ತಿರುಗಿಸಿ ಇಟ್ಟು, ಕೂತು, ಅವಳಿಗೆ ಹೇಳಿದೆ: “ನಿನ್ನ ಫೋನ್ ತಗೊಂಡು ಹಿಡಿ. ಇದನ್ನ ಆ ಜಾಗದಾಗ ಸೇರಸಾಕ ಬರ್ತೈತಿ ಅಂತ ಅಂಗಡಿಯವ ಹೇಳ್ಯಾನ.”

ವೈನಿ ಇದನ್ನು ನೋಡುವುದಿಲ್ಲ. ಆ ಪಡಸಾಲೆಯಲ್ಲಿ ಕೂತಿದ್ದ ಅವರ ಅತ್ತೆಯೂ ಇಲ್ಲ, ಬಿಳಿ ಮೀಸೆಯವರೂ ಇಲ್ಲ. ಯಾರ ಮದುವೆಯೂ ಇದರಿಂದ ಈಗ ನಿಲ್ಲುವುದಿಲ್ಲ. ಇಪ್ಪತ್ತೈದು ವರ್ಷ ಮೀರಿ ತಡವಾಗಿ ಬಂದ ಮಾತಿಗೆ ಏನು ಬೆಲೆ ಎಂದು ನನ್ನನ್ನು ನಾನು ಕೇಳಿಕೊಂಡೆ. ಆದರೆ ಎದ್ದು ಹೋಗಲಿಲ್ಲ.

ಅವಳು ಫೋನ್ ಎತ್ತಿ ಹಿಡಿದಳು. ನಾನು ಸೆರಗು ಸರಿಮಾಡಿಕೊಂಡು ಉಸಿರು ಹಿಡಿದು ಕೂತೆ. ಅವಳು ಫೋನಿನ ಮೇಲಿಂದ ನನ್ನನ್ನು ನೋಡಿದಳು.

“ಉಸರು ಹಿಡೀಬ್ಯಾಡ್ರಿ ಅಕ್ಕಾರ” ಎಂದಳು. “ಅವ್ವ ಯಾವಾಗ್ಲೂ ಹಂಗ ಹೇಳ್ತಿದ್ಲು.”

ಉಸಿರು ಬಿಟ್ಟೆ. ನನ್ನ ಹೆಸರು ಹೇಳಿದೆ, ಸಾಲಿಯ ಹೆಸರು ಹೇಳಿದೆ. ಆಮೇಲೆ ರಜಿಸ್ಟರಿನಲ್ಲಿದ್ದ ಅವಳ ಹುಟ್ಟಿದ ತಾರೀಖನ್ನು ದಿನ, ತಿಂಗಳು, ಇಸವಿ ಬಿಡಿಸಿ ಹೇಳಿದೆ. ಅರ್ಧ ಮಿನಿಟೂ ಬೇಕಾಗಲಿಲ್ಲ.